ಒಂದು ಗುದ್ದಿದರೆ ಎಡಕ್ಕೆ

ಹತ್ತು ಕುರಿ ಮಾರಿಬಿಟ್ಟ, ಒಂದು ಮಾತು ಕೇಳದೆ.
ನಾನು ಮಾತು ಬಿಟ್ಟು ಇಂದಿಗೆ ಒಂಬತ್ತು ದಿನ.
ಸ್ಟೀರಿಂಗ್ ಮಾತ್ರ ಬಿಡಲಿಲ್ಲ.
ಅಲ್ವಾನಿಯ ಒಂದೊಂದು ತಿರುವಿಗೂ ನರಳಿತು
ಹಲ್ಲುನೋವಿನ ಹೋರಿಯ ಹಾಗೆ.
ಚೀಸ್ ತುಂಬಿದ ತೊಗಲಿನ ಚೀಲ ಹೇರಿಕೊಂಡು
ತೆಲಾವಿಯ ಸಂತೆಗೆ ಹೋಗಿ ಬರುವಷ್ಟರಲ್ಲಿ
ನನ್ನ ತೋಳು ತೋಳಾಗಿ ಉಳಿದಿರಲಿಲ್ಲ,
ಒನಕೆ.

ಬೆಳಗಾಗೆದ್ದು ನೋಡಿದರೆ ವ್ಯಾನಿನಡಿ
ನಾಣ್ಯದಗಲ ಕೆಂಪು.
ಕೋಳಿಯ ರಕ್ತವೆಂದು ಓಡಿಬಂದ ನಾಯಿ
ಮೂಸಿ, ಮೂತಿ ತಿರುವಿ ಹೋಯಿತು.
ನಾನೂ ಬೆರಳಿಗೆ ಹಚ್ಚಿ ಮೂಸಿದೆ.
ಸೀದ ವಾಸನೆ.

ಮಲ್ಖಾಜ್ ಬಂದ. ನೋಡಿದ. ಏನೂ ಅನ್ನಲಿಲ್ಲ.
ಆಕ್ರೋಟ ಮರದಡಿ ಸಮ ನೆಲಕ್ಕೆ ವ್ಯಾನ್ ತಂದು
ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು
ಮುಂದಿನದನ್ನು ಜಾಕಿ ಹಾಕಿ ಎತ್ತಿದ.
ಜಾಕಿಯನ್ನೂ ಅಳಿಯನನ್ನೂ ಪೂರ್ತಿ ನಂಬಬೇಡ
ಎನ್ನುತ್ತಿದ್ದ ನನ್ನಪ್ಪ.
ಆ ಅಳಿಯನೇ ಈಗ ಎರಡು ಓಕ್ ದಿಮ್ಮಿ ಹೊತ್ತು ತಂದು
ಕೆಳಗೆ ತುರುಕಿ, ಒದ್ದು ನೋಡಿ, ಒಳಗೆ ತೆವಳಿದ.

ಕುರಿಗಳಿಗೆ ಔಷಧ ಕುಡಿಸುವ ದಪ್ಪ ಸಿರಿಂಜು
(ಈಗದಕ್ಕೆ ಬಿಡುವು ಜಾಸ್ತಿ)
ತಂದು ಬಾನೆಟ್ಟಿನ ಅಂಚಿಗೆ ಕುಕ್ಕಿದೆ.
ಡಬ್ಬಿಯ ಹಳೇ ಎಣ್ಣೆ ಅದರಲ್ಲಿ ಹೀರಿ ತೆಗೆದ.
ಮೂರನೇ ಸಲ ಕುದಿಸಿದ ಕಾಫಿಯ ಬಣ್ಣ.
ವಾಪಸು ಬರುವ ಕೊಳವೆ, ಕ್ಲಿಪ್ಪಿನ ಬುಡದಲ್ಲಿ,
ಹಿಮ್ಮಡಿಯಂತೆ ಒಡೆದಿತ್ತು.
ಎರಡು ಬೆರಳಗಲ ಕತ್ತರಿಸಿ ಎಸೆದು
ಉಳಿದದ್ದನ್ನೇ ಎಳೆದು ಕೂರಿಸಿ
ಹೊಸ ಕ್ಲಿಪ್ಪು ಬಿಗಿದ. ಅವನ ಕೈ ಕಪ್ಪು.
ನನ್ನದೂ ಕಪ್ಪು: ಎರಡು ದಿನದಿಂದ ಆಕ್ರೋಟ ಸುಲಿದದ್ದು.
ಯಾವುದು ಸೋಪಿಗೆ ಹೋಗುತ್ತೆ, ಯಾವುದು ಹೋಗಲ್ಲ
ಇಬ್ಬರಿಗೂ ಗೊತ್ತು.

ಹೊಸ ಎಣ್ಣೆ ಸುರಿದ. ದಾಳಿಂಬೆಯ ರಸ, ಥೇಟು.

ಇನ್ನು ಉಳಿದದ್ದು ಗಾಳಿ.
ಒಳಗೆ ಸೇರಿದ ಗಾಳಿ ಒಬ್ಬರಿಂದ ಹೋಗುವುದಲ್ಲ;
ಒಬ್ಬರು ತಿರುಗಿಸಬೇಕು,
ಒಬ್ಬರು ಡಬ್ಬಿಯ ಬಾಯಲ್ಲಿ ಕಣ್ಣಿಟ್ಟಿರಬೇಕು.
ಕೇಳದೆಯೇ ಹೋಗಿ ಕೂತೆ,
ಜಪಾನಿನವರು ಬಲಕ್ಕೆ ಇಟ್ಟ ಸೀಟಿನಲ್ಲಿ.
ತೆರೆದ ಬಾನೆಟ್ಟು ಎದುರಿಗೆ. ಆಚೆಗೆ ಅವನು,
ಬರೀ ಮೊಣಕೈ ಕಾಣುತ್ತೆ.

ಅವನೇನೋ ಕೂಗಿದ.
ನಮ್ಮ ಮಾತಿನಲ್ಲಿ ಎಡಕ್ಕೂ ಬಲಕ್ಕೂ
ಒಂದೇ ತಲೆ, ಬಾಲ ಬೇರೆ.
ರಸ್ತೆ ತುಂಬ ದ್ರಾಕ್ಷಿ ಹೇರಿದ ಟ್ರಾಕ್ಟರುಗಳ ಗಲಾಟೆ,
ತಲೆ ಮಾತ್ರ ನನ್ನವರೆಗೆ ಬಂತು.
ಅಂದಾಜಿಗೆ ಬಲಕ್ಕೆಳೆದೆ.
ಅಲ್ಲವಂತೆ.
ಆಮೇಲೆ ಸ್ಪ್ಯಾನರಿನಿಂದ ತಗಡಿಗೆ ಗುದ್ದಿದ:
ಒಂದು ಗುದ್ದಿದರೆ ಎಡಕ್ಕೆ,
ಎರಡು ಗುದ್ದಿದರೆ ಬಲಕ್ಕೆ.
ಹೀಗೆಂದು ಯಾರೂ ಹೇಳಲಿಲ್ಲ, ತಿಳಿಯಿತು.

ಠಣ್. ನಿಧಾನ, ಕೊನೆತನಕ.
ಠಣ್ ಠಣ್. ನಿಧಾನ, ಆ ಕೊನೆತನಕ.
ನೆಲ ಮುಟ್ಟದ ಚಕ್ರಗಳು
ತೂಕಡಿಸುವ ಮುದುಕನ ತಲೆಯಂತೆ ಅತ್ತ ಇತ್ತ.
ಹನ್ನೆರಡು, ಹದಿಮೂರು… ಲೆಕ್ಕ ತಪ್ಪಿತು.

"ಗುಳ್ಳೆ?" ಅಂದೆ.
ಅಂದುಬಿಟ್ಟ ಮೇಲೆ ನುಂಗುವುದು ಹೇಗೆ.
"ಕಡಿಮೆ," ಅಂದ. "ಬರ್ತಾ ಇವೆ ಇನ್ನೂ."
ಒಂದು ಗುಟುಕು ಎಣ್ಣೆ ಸುರಿದ. ಎಂಜಿನ್ ಹಚ್ಚು ಅಂದ.
ಎರಡು ಸಲ ಕುಂಯ್ಯೆಂದು ಸುಮ್ಮನಾಯಿತು.

ಆಗ, ಬಾನೆಟ್ಟಿನ ಆಚೆಯಿಂದಲೇ:
"ಹನ್ನೊಂದು."
ಏನು ಹನ್ನೊಂದು?
"ಕುರಿ. ಹತ್ತಲ್ಲ."

ನನ್ನ ಕೈ ಚಕ್ರವನ್ನು ಬಲಗೊನೆಗೆ ಒತ್ತಿ ಹಿಡಿಯಿತು.
ಪಂಪು ಕಿರುಚಿತು.
"ಕೊನೆಗೆ ತಾಗಿಸಿ ಹಿಡೀಬೇಡ್ವೇ, ಸುಟ್ಟುಹೋಗುತ್ತೆ!"
ಮೂರು ಎಣಿಸುವಷ್ಟು ಹಿಡಿದೆ.
ಆಮೇಲೆ ಬಿಟ್ಟೆ.

ಹನ್ನೊಂದನೆಯದು ಯಾವುದೆಂದು ಕೇಳಲಿಲ್ಲ.
ಕಿವಿ ಹರಿದದ್ದೇ ಇರಬೇಕು, ನನ್ನದು.

ಸಂಜೆ ದಿಮ್ಮಿ ತೆಗೆದು ಇಳಿಸಿದೆವು.
ಗೇಟಿನವರೆಗೆ ಹೋಗಿ ಬಂದೆ, ಒಂದೇ ಬೆರಳಿಗೆ ತಿರುಗುತ್ತೆ.
ವ್ಯಾನಿನಡಿ ಒಂದು ರಟ್ಟು ಹಾಸಿದ್ದಾನೆ.
ಹಾರದಂತೆ ಅದರ ಮೂಲೆಗೆ ಕಲ್ಲಿಟ್ಟವಳು ನಾನು.
ಬೆಳಿಗ್ಗೆ ಯಾರು ಮೊದಲೇಳುತ್ತಾರೋ
ಅವರು ಬಗ್ಗಿ ನೋಡುವುದು.