ಹೋದ ಪುಟ್ಟ, ಬಂದ ಪುಟ್ಟ

ಎನ್ಸ್ಕೆಡೇಯ ನೆಲಮಾಳಿಗೆಯಲ್ಲಿ ಫೆಬ್ರವರಿ.
ಕಂಪ್ರೆಸರ್ ಸೆಕೆಂಡಿಗೆರಡು ಸಲ ದಮ್ಮು ಕಟ್ಟಿ ಬಿಡುತ್ತದೆ:
ಟಪ್, ಹುಶ್ಶ್. ಟಪ್, ಹುಶ್ಶ್.
ಮೊಳದುದ್ದದ ಉಕ್ಕಿನ ಕೊಳವೆ, ಒಳಗೆ ಹೀಲಿಯಂ.
ಅತ್ತ ಹೋಗುತ್ತದೆ, ಇತ್ತ ಬರುತ್ತದೆ.
ನಡುವಿನ ಒಂದಷ್ಟು ಅನಿಲವಂತೂ
ಎರಡು ಬಾಗಿಲುಗಳಲ್ಲಿ ಒಂದನ್ನೂ ಕಂಡಿಲ್ಲ.

ಆದರೂ ಕೆಳತುದಿಯಲ್ಲಿ ಎಪ್ಪತ್ತು ಕೆಲ್ವಿನ್.
ಅಲ್ಲಿ ಪಿಸ್ಟನ್ ಇಲ್ಲ, ಅಲ್ಲಾಡುವ ಏನೂ ಇಲ್ಲ,
ಗಾಳಿಯನ್ನೇ ಹನಿಯಾಗಿಸುವ ಚಳಿ ಮಾತ್ರ.

ಆ ತುದಿಗೆ ನಾನೊಂದು ಟಂಗ್‌ಸ್ಟನ್ ಎಳೆ ಕಟ್ಟಿದ್ದೇನೆ,
ತಲೆಗೂದಲಿನ ಹದಿನೈದರಲ್ಲೊಂದು ಪಾಲು ದಪ್ಪ,
ಕರೆಂಟು ಹಾಯಿಸಿ ಕಾಯಿಸಿದ್ದು.
ಅನಿಲ ಸೋಕಿದರೆ ತಣಿಯುತ್ತದೆ; ತಣಿದಷ್ಟೂ ವೇಗ.
ಅದಕ್ಕೊಂದೇ ಕೊರತೆ:
ಬೀಸಿದ್ದು ಗೊತ್ತು, ಎತ್ತಲಿಂದ ಎಂದು ಗೊತ್ತಿಲ್ಲ.
ಹೋದದ್ದೂ ಒಂದು ಡುಬ್ಬ, ಬಂದದ್ದೂ ಒಂದು ಡುಬ್ಬ,
ತೆರೆಯ ಮೇಲೆ ಒಂಟೆಗಳ ಸಾಲು.

"ಥೇಟ್ ನಮ್ಮ ದೋಣಿಯ ಟಿಕೆಟ್ಟಿನವನು" ಎಂದೆ ಹಿಲ್ಲೆಗೆ.
ನಲವತ್ತು ವರ್ಷ ಬೆಸುಗೆ ಹಾಕಿದವನು, ತಲೆಯೆತ್ತಲಿಲ್ಲ.

ಅಪ್ಪ ಬ್ರೆಸ್ಕೆನ್ಸಿನಲ್ಲಿ, ಅಮ್ಮ ಫ್ಲಿಸಿಂಗೆನ್ನಿನಲ್ಲಿ,
ನಡುವೆ ಸ್ಖೆಲ್ಡೆ ನದಿಯ ಉಪ್ಪುಬಾಯಿ.
ಶುಕ್ರವಾರ ಅತ್ತ, ಭಾನುವಾರ ಇತ್ತ.
ಆ ದೋಣಿಗೆ ಹಿಂದುಮುಂದು ಇರಲಿಲ್ಲ, ತಿರುಗುತ್ತಲೂ ಇರಲಿಲ್ಲ;
ಎರಡು ತುದಿಗೂ ಬಾಯಿ.
ಮರೀನಸ್ ಟಿಕೆಟ್ಟಿಗೆ ತೂತು ಹೊಡೆಯುತ್ತ ಕೇಳುವನು:
"ಯಕೋಮೀನಾ, ಮನೆಗೋ, ಮನೆಯಿಂದಲೋ?"
ನನಗೆ ಒಂಬತ್ತು. ದಡ ಮುಟ್ಟುವವರೆಗೂ ಯೋಚಿಸುತ್ತಿದ್ದೆ.

ಬರಿದೆ ಹೋಗಿಬಂದರೆ ತಂಪು ಹುಟ್ಟದು, ನಿಜ.
ಒತ್ತಡ ಏರುವಾಗಲೇ ನುಗ್ಗಿದರೆ ಸಾಲದು,
ಏರಿದ ಮೇಲೂ ಹರಿಯುತ್ತಿರಬೇಕು.
ಆ ತಡಕ್ಕೆಂದೇ ಮೇಲ್ತುದಿಯಲ್ಲೊಂದು ಸೂಜಿಕಂಡಿ.
ಹಿಲ್ಲೆ ಕಾಲು ಸುತ್ತು ತಿರುಗಿಸಿದರೆ ಹತ್ತು ಡಿಗ್ರಿ ಇಳಿಯುತ್ತದೆ,
ಕೂದಲೆಳೆ ಹೆಚ್ಚಾದರೆ ಎಲ್ಲ ಮತ್ತೆ ಮೇಲಕ್ಕೆ.
ನಾನೂ ಕೂರುತ್ತಿದ್ದೆ ಬ್ರೆಸ್ಕೆನ್ಸಿನ ಕಟ್ಟೆಯ ಬೆಂಚಿನಲ್ಲಿ
ಅಮ್ಮನ ಮಾತಿನ ಬಿಸಿ ಆರುವಷ್ಟು ಹೊತ್ತು.
ಆಮೇಲೇ ಅಪ್ಪನ ಬಾಗಿಲು ತಟ್ಟುವುದು.

ನಿನ್ನೆ ರಾತ್ರಿ ಹನ್ನೊಂದರ ಮೇಲೆ ಕಂಡಿತು:
ಡುಬ್ಬಗಳು ಸಮವಲ್ಲ.
ಒಂದು ಬಿಟ್ಟು ಒಂದು, ತುಸುವೇ ಎತ್ತರ.
ಒಳಹೋದದ್ದಕ್ಕಿಂತ ಹೊರಬಂದದ್ದು ಒಂದಿಷ್ಟು ತಣ್ಣಗೆ;
ತಂತಿಗೆ ದಿಕ್ಕು ತಿಳಿಯದು, ಚಳಿ ತಿಳಿಯುತ್ತದೆ.
ಹಿಲ್ಲೆ ಕನ್ನಡಕ ಹಣೆಗೇರಿಸಿ ನೋಡಿದ.
"ಹ್ಞೂಂ" ಎಂದ.
ಅಷ್ಟರಲ್ಲೇ ಎಳೆ ಕಡಿಯಿತು, ತೆರೆ ತುಂಬ ನೇರ ಗೆರೆ.

ಇವತ್ತು ಹೊಸದು ಬೆಸೆಯುತ್ತಿದ್ದಾನೆ, ಉಸಿರು ಬಿಗಿಹಿಡಿದು.
ಪಕ್ಕದಲ್ಲಿ ದೀಪ ಹಿಡಿದು ನಿಂತ ನನಗೆ ಈಗ ನೆನಪಾಗುತ್ತಿದೆ:
ಭಾನುವಾರ ಬರುವಾಗ ನಾನು ಕೋಟಿನ ಗುಂಡಿಗಳನ್ನು
ಕತ್ತಿನವರೆಗೂ ಹಾಕಿಕೊಳ್ಳುತ್ತಿದ್ದೆ,
ಶುಕ್ರವಾರ ಹೋಗುವಾಗ ಇಲ್ಲ.
ಮರೀನಸ್‌ಗೆ ಕೇಳುವ ಅಗತ್ಯವೇ
ಇರಲಿಲ್ಲವೇನೋ.