ಬಾಡಿಗೆ ಕಣ್ಣು

ಸೊಲ್ಲಾಪುರದ ಅಂಗಡಿಯವ ಚೀಟಿ ಬರೆದು ಕೊಟ್ಟ:
ದಿನಕ್ಕೆ ಹದಿನೆಂಟು ನೂರು, ಗೀರು ಬಿದ್ದರೆ ಬೇರೆ.
ಮೂರು ಕಿಲೋ ತೂಕದ ಲೆನ್ಸು.
ಮಗಳು ಹುಟ್ಟಿದಾಗ ಇಷ್ಟೇ ಇದ್ದಳು,
ಎತ್ತಿಕೊಳ್ಳಲು ಇಷ್ಟೇ ಹೆದರಿದ್ದೆ.

ನಾನು ಅಕ್ಕಲಕೋಟೆಯ ಲಗ್ನದ ಫೋಟೋದವ.
ಇಪ್ಪತ್ತು ವರ್ಷ ಒಂದೇ ಮಾತಿನಿಂದ ಹೊಟ್ಟೆ ಹೊರೆದೆ:
'ಇತ್ತ ನೋಡ್ರಿ, ಜರಾ ನಗ್ರಿ, ಕಾಕಾ ನೀವು ಸ್ವಲ್ಪ ಸರೀರಿ.'
ಈ ಮಾಳದಲ್ಲಿ ಯಾರಿಗೆ ಹೇಳಲಿ?
ಹುಲ್ಲೆಲ್ಲ ಒಟ್ಟಿಗೆ ಬೇರೆ ಕಡೆ ನೋಡುತ್ತದೆ.

ಬೋರ್ಡಿನ ಮೇಲೆ ಮರಾಠಿಯಲ್ಲಿ ಅದು ಮಾಳಢೋಕ.
ಅವ್ವನ ಬಾಯಲ್ಲಿ ಎರೆಭೂತ.
ಉಣ್ಣದೆ ಹಠ ಹಿಡಿದರೆ
ಕಿಟಕಿಯಾಚೆ ಅದನ್ನು ತಂದು ನಿಲ್ಲಿಸುತ್ತಿದ್ದಳು,
ಕೊರಳು ಉದ್ದ ಮಾಡಿ, ನನಗಿಂತ ಎತ್ತರ.
ಆಗ ಇತ್ತು. ಅಂಜಲಿಕ್ಕಾದರೂ ಇತ್ತು.

'ಹೋದ ಶ್ರಾವಣದಾಗ ನೋಡೀನಿ' ಅಂದವನು ಕುರಿ ಕಾಯುವ ಅಮೋಗಿ.
'ಒಂದಽ. ಗಂಡು. ಕತ್ತಿನ ಚೀಲ ಉಬ್ಬಿಸಿ
ಹೂಂ ಅಂತಿತ್ತು, ಖಾಲಿ ಹಗೇವಿನಾಗ ಬಗ್ಗಿ ಕೂಗಿದಂಗ.
ಮೂರು ದಿನ ಕರೀತು.
ಯಾವ ಹೆಣ್ಣೂ ಬರಲಿಲ್ಲ.'
ಅಷ್ಟು ಹೇಳಿ ಕಂಬಳಿ ಕೊಡವಿದ.

ಬೆಳಗಿನ ಆರಕ್ಕೇ ಹೊಟ್ಟೆಯ ಮೇಲೆ ಮಲಗಿದೆ.
ಸಿಕ್ಕಿದ್ದು ಹನ್ನೊಂದು ನೆಲಗುಬ್ಬಿ, ಒಂದು ಮೊಲದ ಕಿವಿ,
ದೂರದ ಗಾಳಿಫಂಕ, ಅದರ ಕೆಳಗೆ ಜೋತ ಕರೆಂಟಿನ ತಂತಿ.
ರೆಕ್ಕೆ ಇದ್ದದ್ದೆಲ್ಲ ಹಕ್ಕಿಯಲ್ಲ ಅಂತ ಕ್ಯಾಮೆರಾಕ್ಕೆ ತಿಳಿಯದು,
ಫಂಕದ ಮೇಲೇ ಫೋಕಸ್ ಹಿಡಿಯಿತು, ಎರಡು ಸಲ.

ಹತ್ತೂವರೆಗೆ
ಕೊಯ್ದ ಕುಸುಬಿ ಹೊಲದಾಚೆ ಏನೋ ನಿಂತಿತು.
ಕಂದು ಮೈ, ಸುಣ್ಣ ಬಳಿದ ಗೂಟದಂಥ ಕೊರಳು, ತಲೆಗೆ ಕರಿ ಟೊಪ್ಪಿಗೆ.
ಅಥವಾ ಹಾಗೆ.
ಆರುನೂರು ಎಂ.ಎಂ. ಪೂರ್ತಿ ಎಳೆದೆ.
ದೂರವನ್ನು ಎಳೆದರೆ ಅದೊಂದೇ ಬರುವುದಿಲ್ಲ,
ನಡುವಿನ ಬಿಸಿಲ್ಗುದುರೆಗಳೂ ಹಿಂಡುಗಟ್ಟಿ ಬರುತ್ತವೆ:
ಕಾಲು ಕರಗಿ ನೀರಾಯಿತು, ಕೊರಳು ಎರಡಾಯಿತು,
ಮತ್ತೆ ಕೂಡಿತು. ಉಸಿರು ಹಿಡಿದೆ. ಒತ್ತಿದೆ. ನಲವತ್ತು ಸಲ.
ಕಣ್ಣು ತೆಗೆದು ನೋಡಿದರೆ
ಹುಲ್ಲು.

ಅಮೋಗಿಗೆ ಪರದೆ ತೋರಿಸಿದೆ.
ಅವನು ಕ್ಯಾಮೆರಾವನ್ನು ಮೊಳದುದ್ದ ದೂರ ಹಿಡಿದ,
ಇನ್ನೂ ದೂರ, ತೋಳು ಮುಗಿಯಿತು.
'ಹತ್ತರದ್ದು ನನಗ ಕಾಣಂಗಿಲ್ಲೋ ತಮ್ಮಾ.
ಅಲ್ಲೇ ಇದ್ದಾಗ ಚೊಲೊ ಕಾಣ್ತಿತ್ತು.'
'ನೀ ನೋಡಿದ್ಯಾ? ಈಗ? ಅದಽ ಹೌದಾ?'
ಅವನು ಒಂದು ಕುರಿಯನ್ನು ಬೈದ,
ಅದರ ಹಿಂದೆ ಹೋದ.

ಸಂಜೆ ಅಂಗಡಿಯವ ಗಾಜಿಗೆ ಟಾರ್ಚು ಬಿಟ್ಟು
ಗೀರು ಹುಡುಕಿದ. ಇರಲಿಲ್ಲ.
'ಯಾವ ಕಡೆ ಹೋಗಿದ್ರಿ? ಏನು ಸಿಕ್ತು?'
'ಒಂದು ಲಗ್ನ ಇತ್ತು,' ಅಂದೆ,
'ಹೆಣ್ಣಿನ ಕಡೆಯವರು ಬರಲಿಲ್ಲ.'

ಬಸ್ಸಿನಲ್ಲಿ ಕೂತು ಕಾಲುಚೀಲದ ಹುಲ್ಲುಮುಳ್ಳು ಕಿತ್ತೆ.
ಅಕ್ಕಲಕೋಟೆ ಬಂದರೂ
ಇನ್ನೂ ಇದ್ದವು.