ಇಳಿತದ ಹೊತ್ತು, ಬೀರಮ್ಮ

ಎರಡು ಚಿತ್ರ ಇಟ್ಟಳು ನಾಗಿ, ಮೇಜಿನ ಮೇಲೆ ಆ ಹುಡುಗಿ.
ಡಾಕ್ಟರಲ್ಲ, ಕಿರಣದ ಲೆಕ್ಕ ಮಾಡುವವಳು.
ಎರಡರಲ್ಲೂ ನಾನೇ,
ಅಡ್ಡ ಕೊಯ್ದ ಇಸೋಣದ ತುಂಡಿನ ಹಾಗೆ:
ಬೆನ್ನೆಲುಬಿನ ಬಿಳಿ, ಆಚೀಚೆ ಶ್ವಾಸದ ಕಪ್ಪು.
ಗುಂಡಿಗೆ ಮಾತ್ರ ಬಲಕ್ಕಿತ್ತು. ತಪ್ಪಿದೆ ಅಂದೆ.
"ಕಾಲ ಕಡೆಯಿಂದ ನೋಡುವುದಮ್ಮಾ, ಹಾಗೆ ಕಾಣುತ್ತದೆ."

ಒಂದೇ ಮೊಲೆಯಾದರೆ ಓರೆಯಲ್ಲಿ ಹಾಯಿಸಿಬಿಡಬಹುದಂತೆ.
ಎರಡಕ್ಕೂ ಬಂದರೆ ನಡುವಿನದನ್ನು ಕಾಯಬೇಕು.
ಇದನ್ನು ನನಗೆ ಹೇಳಿಕೊಡಬೇಕೇ?
ಎಷ್ಟು ಬೆಳಚು ಬಿಡಿಸಿದ್ದೇನೆ,
ಚಿಪ್ಪೆರಡೂ ತೆರೆಯಬೇಕು, ಒಳಗಿನದಕ್ಕೆ ಕತ್ತಿ ತಾಗಬಾರದು.

ಮೊದಲನೆಯದು ಸಮ ಮಾಡಿದ ಕಿರಣ.
ದಾರಿಯಲ್ಲೊಂದು ಲೋಹದ ಶಂಕು ಕೂತು
ನಡುವಿನ ಸೊಕ್ಕು ಮುರಿದು ಕಳಿಸುತ್ತದೆ,
ತಲೆ ಸವರಿದ ಸೇರು.
ಎರಡನೆಯದಕ್ಕೆ ಆ ಶಂಕು ತೆಗೆದಿದ್ದಾರೆ.
ರಾಶಿಗಟ್ಟಿ ಅಳೆದ ಸೇರು ಅದು:
ನಡುವೆ ಎತ್ತರ, ಅಂಚಿಗೆ ಇಳಿಜಾರು, ಸುರಿಯುವುದು ಜೋರು.
ಬಣ್ಣ ನೋಡಿದೆ. ಕೆಂಪು, ಹಳದಿ, ನೀಲಿ.
ಎರಡೂ ಹೆಚ್ಚುಕಡಿಮೆ ಒಂದೇ.
ಮೊಲೆಗೆ ಮೊದಲನೆಯದು ಕೂದಲೆಳೆ ಚೆಂದ,
ಗುಂಡಿಗೆಗೆ ಎರಡನೆಯದು ಚೂರು ಹಗುರ,
ಬೇಗ ಮುಗಿಯುವುದೂ ಅದೇ.
ಪ್ರೋಟಾನ್ ಅಂತ ಮೂರನೆಯದೂ ಉಂಟಂತೆ,
ಮುಟ್ಟಬೇಕಾದಲ್ಲಿ ಮುಟ್ಟಿ ಅಲ್ಲೇ ನಿಲ್ಲುವುದು.
ಎಲ್ಲಿ ಸಿಗುತ್ತದೆ ಅಂತ ಕೇಳಲಿಲ್ಲ,
ಖರ್ಚು ಅವಳ ಮುಖದಲ್ಲೇ ಬರೆದಿತ್ತು.

"ಉಸಿರು ಹಿಡಿಯಲು ಬರುತ್ತದೆಯೇ? ಇಪ್ಪತ್ತು ಸೆಕೆಂಡು?
ಎದೆ ತುಂಬಿದರೆ ಗುಂಡಿಗೆ ದೂರ ಸರಿಯುತ್ತದೆ."
ನಗು ಬಂತು ನಾಗಿ.
ಈ ಅಘನಾಶಿನಿಯಲ್ಲಿ ಮುಳುಗಿ, ಕೆಸರೊಳಗೆ ಕೈಯಿಟ್ಟು
ಕುರುಡಿಯ ಹಾಗೆ ಬೆಳಚು ತಡಕಿದವಳನ್ನು ಕೇಳುತ್ತಾಳೆ!
ಹಿಡಿದೆ.
ಗಡಿಯಾರ ನೋಡಿದಳು. ನನ್ನ ನೋಡಿದಳು.
ಮತ್ತೆ ಗಡಿಯಾರ.
ಪೆನ್ನು ತೆಗೆದು ಎರಡನೆಯ ಚಿತ್ರದ ಮೂಲೆಗೆ ಗೀಟೆಳೆದಳು.

ಇವತ್ತು ಭಾನುವಾರ, ಮಿಷನ್ನಿಗೆ ರಜೆ.
ನಾಳೆ ನಸುಕಿಗೇ ಮತ್ತೆ ಮಂಗಳೂರು ರೈಲು, ಇನ್ನೂ ಹನ್ನೊಂದು ಸಲ.
ಎದೆಯ ಮೇಲೆ ಗುರುತಿನ ಶಾಯಿ ಉಂಟು, ಅಳಿಸುವ ಹಾಗಿಲ್ಲ,
ಹೊಳೆಗೆ ಇಳಿಯುವ ಹಾಗಿಲ್ಲ.
ಕಂಕುಳ ಚರ್ಮ ಉರಿಯುತ್ತದೆ,
ಒಲೆಯ ಹತ್ತಿರ ಮಲಗಿ ಎದ್ದ ಹಾಗೆ.
ನೀನು ಹೋಗು, ನೀರು ಏರುವುದರೊಳಗೆ ಬುಟ್ಟಿ ತುಂಬು.

ತದಡಿಯ ದೋಣಿ ಆಚೆ ದಡಕ್ಕೆ ತಿರುಗಿತು.
ನಾಗಿಯ ತಲೆ ಮುಳುಗಿತು, ಗುಳ್ಳೆ ಎರಡು ಬಂದವು.
ದಡದಲ್ಲಿ ಕೂತು ನಾನೂ ಹಿಡಿದೆ.
ಅವಳು ಎದ್ದು, ಕೆಮ್ಮಿ, ಕೂದಲು ಹಿಂಡಿಕೊಂಡಳು.
ನನ್ನದು ಇನ್ನೂ ಇತ್ತು.